ನಿನ್ನೆ ಆಯ್ತಲ್ಲ: ಗೌರಿಬಿದನೂರು ಸೀಮೆಯಲ್ಲಿ ಓಟದ ಸ್ಪರ್ಧೆಗಳನ್ನು ಪತ್ತೆಹಚ್ಚುವ ಕುರಿತ ಶಾಸ್ತ್ರವಿಚಾರ

ಗೌರಿಬಿದನೂರಿನ ಬಳಿ 1965ರಿಂದಲೂ ಭೂಕಂಪನ ಮಾಪಕಗಳ ಒಂದು ಸಾಲು ನೆಲಕ್ಕೆ ಕಿವಿಗೊಟ್ಟು ಕೂತಿದೆ. ಭಾಭಾ ಅಣು ಸಂಶೋಧನಾ ಕೇಂದ್ರ ನಡೆಸುವ ಈ ವ್ಯವಸ್ಥೆಯ ಮುಂದೆ ಗುಟ್ಟು ನಿಲ್ಲುವುದು ಕಷ್ಟ. ಸಾವಿರಾರು ಮೈಲಿ ಆಚೆ ಯಾವ ದೇಶದವರಾದರೂ ಸದ್ದಿಲ್ಲದೆ ಭೂಗತ ಅಣುಸ್ಫೋಟ ನಡೆಸಿದರೆ ಇಲ್ಲಿಯ ಸೂಜಿ ಅಲುಗುತ್ತದೆ. ಅದೇ ತಾಲ್ಲೂಕಿನ ಇನ್ನೊಂದು ಬಯಲಲ್ಲಿ 1970ರ ದಶಕದಲ್ಲಿ ನಿಂತ ರೇಡಿಯೋ ದೂರದರ್ಶಕ ಆಕಾಶದ ಪಿಸುಮಾತು ಕೇಳಿಸಿಕೊಳ್ಳುತ್ತದೆ. ಹೀಗೆ ಪಾತಾಳವನ್ನೂ ಅಂತರಿಕ್ಷವನ್ನೂ ಏಕಕಾಲಕ್ಕೆ ಆಲಿಸುವ ಊರಿನಲ್ಲಿ, ಮುಂದಿನ ಭಾನುವಾರ ಕಾಲೇಜು ಮೈದಾನದಿಂದ 5 ಕಿ.ಮೀ. ಓಟವಿದೆ ಎಂಬ ಸಂಗತಿ ಸೋಮವಾರದ ತನಕ ಯಾರಿಗೂ ತಿಳಿಯುವುದಿಲ್ಲ. ಈ ಬಿಕ್ಕಟ್ಟೇ ಪ್ರಸ್ತುತ ಪ್ರಬಂಧದ ವಿಷಯ.

ಶಾಸ್ತ್ರಗ್ರಂಥ ಎಂದ ಮೇಲೆ ಅನುಬಂಧ ಚತುಷ್ಟಯವನ್ನು, ಎಂದರೆ ಆರಂಭದಲ್ಲೇ ತಿಳಿಸಬೇಕಾದ ನಾಲ್ಕು ಅಂಶಗಳನ್ನು, ಹೇಳಲೇಬೇಕು. ವಿಷಯ ಹೇಳಿಯಾಯಿತು. ಸಂಬಂಧದ ಬದಲಿಗೆ ಕ್ಷೇತ್ರ: ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ. 2007ಕ್ಕೆ ಮೊದಲು ಇವೆಲ್ಲ ಕೋಲಾರ ಜಿಲ್ಲೆಯಲ್ಲಿದ್ದವು. ಆಗ ಜಿಲ್ಲಾ ಮಟ್ಟದ ಓಟವನ್ನು ತಪ್ಪಿಸಿಕೊಳ್ಳಲು ಕೋಲಾರದವರೆಗೆ ಹೋಗಬೇಕಿತ್ತು, ಈಗ ಚಿಕ್ಕಬಳ್ಳಾಪುರದಲ್ಲೇ ತಪ್ಪಿಸಿಕೊಳ್ಳಬಹುದು. ಅಧಿಕಾರಿ ಯಾರು? ಸರ್ಕಾರಿ ಅಧಿಕಾರಿಯಲ್ಲ, ಈ ಶಾಸ್ತ್ರ ಓದಲು ಅರ್ಹನಾದವನು. ಅವನನ್ನು ಓಟಾರ್ಥಿ ಎಂದು ಕರೆಯೋಣ. ವಯಸ್ಸು ನಲವತ್ತು ದಾಟಿದೆ, ವಿದ್ಯಾರ್ಥಿಯಲ್ಲ, ಸರ್ಕಾರಿ ನೌಕರನಲ್ಲ, ಸಕ್ಕರೆ ಅಂಶ ನೋಡಿದ ಡಾಕ್ಟರು ‘ಸ್ವಲ್ಪ ಓಡಾಡಿ’ ಎಂದದ್ದನ್ನು ‘ಓಡಿ’ ಎಂದು ಕೇಳಿಸಿಕೊಂಡು ಬೂಟು ಕೊಂಡಿದ್ದಾನೆ. ಪ್ರಯೋಜನ: ಟೀ ಶರ್ಟ್.

ಓಟವೊಂದು ಇದೆ ಎಂದು ತಿಳಿಯುವುದು ಹೇಗೆ? ಭಾಟ್ಟ ಮತದ ಮೀಮಾಂಸಕರು ಆರು ಪ್ರಮಾಣಗಳನ್ನು ಒಪ್ಪುತ್ತಾರೆ. ನಮ್ಮ ಸೀಮೆಯಲ್ಲಿ ಅವುಗಳಲ್ಲಿ ಅನುಮಾನವೊಂದೇ ಹೇರಳವಾಗಿ ಸಿಗುತ್ತದೆ. ಬೆಳಗ್ಗೆ ಹಾಲಿಗೆ ಹೊರಟ ಓಟಾರ್ಥಿ ಟಾರು ರಸ್ತೆಯ ಮೇಲೆ ಸುಣ್ಣದ ಬಾಣದ ಗುರುತು ಕಾಣುತ್ತಾನೆ. ತಿರುವಿನಲ್ಲಿ ಕಾಗದದ ಲೋಟಗಳು, ಬಾಳೆಹಣ್ಣಿನ ಸಿಪ್ಪೆ, ಓಟಗಾರನ ಸಂಖ್ಯೆ ಹೊತ್ತ ಒಂದು ಹರಿದ ಎದೆಚೀಟಿ. ಹೊಗೆ ಕಂಡಲ್ಲಿ ಬೆಂಕಿ ಇದೆ ಎನ್ನಬಹುದು, ಆದರೆ ಸಿಪ್ಪೆ ಕಂಡಲ್ಲಿ ಓಟ ‘ಇತ್ತು’ ಎನ್ನಬಹುದೇ ಹೊರತು ‘ಇದೆ’ ಎನ್ನಲಾಗದು. ಇದು ತಾರ್ಕಿಕರು ಗಮನಿಸದೆ ಬಿಟ್ಟ ಸೂಕ್ಷ್ಮ. ಜೊತೆಗೆ ಹೇತ್ವಾಭಾಸದ ಭಯವೂ ಇದೆ: ಸಿಪ್ಪೆ, ಲೋಟಗಳು ಹನುಮ ಜಯಂತಿಯ ಪಾನಕದವೂ ಆಗಿರಬಹುದು, ಪಕ್ಷದ ಸಮಾವೇಶದವೂ ಆಗಿರಬಹುದು. ಸಂದೇಹ ನಿವಾರಣೆಗೆ ಹತ್ತಿರದ ಟೀ ಅಂಗಡಿಯವನನ್ನು ಕೇಳಿದರೆ ಈ ಪ್ರಬಂಧಕ್ಕೆ ಶೀರ್ಷಿಕೆ ಕೊಟ್ಟ ಮಹಾವಾಕ್ಯ ಹೊರಡುತ್ತದೆ: “ಓಟಾನಾ ಸಾರ್? ನಿನ್ನೆ ಆಯ್ತಲ್ಲ!”

ಪತ್ರಿಕೆಯ ಜಿಲ್ಲಾ ಪುಟವನ್ನು ಕೆಲವರು ಶಬ್ದಪ್ರಮಾಣವೆಂದು ನಂಬುತ್ತಾರೆ. ಅದರ ಕ್ರಿಯಾಪದಗಳನ್ನು ನೋಡಿದವರು ನಂಬಲಾರರು. ‘ಚಾಲನೆ ನೀಡಿದರು’, ‘ಹಸಿರು ನಿಶಾನೆ ತೋರಿದರು’, ‘ಕರೆ ನೀಡಿದರು’. ಎಲ್ಲವೂ ಭೂತಕಾಲ. ವರದಿಯಲ್ಲಿ ಬಾವುಟ ಬೀಸಿದವರ, ಬೀಸುವಾಗ ಪಕ್ಕ ನಿಂತವರ, ಪಕ್ಕ ನಿಲ್ಲಲಾಗದೆ ಹಿಂದೆ ನಿಂತವರ ಹೆಸರುಗಳು ಕ್ರಮವಾಗಿ ಬಂದು, ಕೊನೆಗೆ ‘ಹಾಗೂ ವಿದ್ಯಾರ್ಥಿಗಳು ಇದ್ದರು’ ಎಂದು ಮುಗಿಯುತ್ತದೆ. ಗೆದ್ದವನ ಹೆಸರಿರುವುದಿಲ್ಲ. ಫೋಟೋದಲ್ಲಿ ಓಟಗಾರರು ಚೌಕಟ್ಟಿನಿಂದ ಹೊರಗೆ ಓಡುತ್ತಿರುತ್ತಾರೆ, ಬೆನ್ನು ಮಾತ್ರ ಕಾಣುತ್ತದೆ.

ಇನ್ನು ಪ್ರತ್ಯಕ್ಷ, ಎಂದರೆ ಫ್ಲೆಕ್ಸ್. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳದೆ ವಿಧಿಯಿಲ್ಲ. ಬಿ. ಎಲ್. ರೈಸ್ ಅವರು ಕೋಲಾರ ಜಿಲ್ಲೆಯ ಶಾಸನಗಳನ್ನು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟವಾಗಿ ಹೊರತಂದಾಗ ನಮ್ಮ ತಾಲ್ಲೂಕುಗಳ ಕಲ್ಲುಗಳೂ ಅದರಲ್ಲಿ ಸೇರಿದವು. ಫ್ಲೆಕ್ಸ್‌ಗಳು ತಡವಾಗಿ ಬಂದದ್ದರಿಂದ ಹೊರಗುಳಿದವು. ಆದರೆ ರಚನೆಯಲ್ಲಿ ಇವು ವೀರಗಲ್ಲಿನ ನೇರ ಸಂತತಿ. ವೀರಗಲ್ಲಿನಲ್ಲಿ ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಫ್ಲೆಕ್ಸ್‌ನಲ್ಲಿ ಮೇಲೆ ದಿವಂಗತ ಮಹನೀಯರು, ನಡುವೆ ಕೈಮುಗಿದ ಅಥವಾ ಫೋನು ಕಿವಿಗಿಟ್ಟ ಮುಖಂಡರು, ತೀರಾ ಕೆಳಗಿನ ಮೂಲೆಯಲ್ಲಿ ಓಡುತ್ತಿರುವ ಆಕೃತಿ. ಆ ಆಕೃತಿ ಸಾಮಾನ್ಯವಾಗಿ ಸಮುದ್ರತೀರದಲ್ಲಿ ಓಡುವ ವಿದೇಶಿ ಮಹಿಳೆ. ಉತ್ತರ ಪಿನಾಕಿನಿಯಲ್ಲಿ ನೀರು ಕಂಡರೇ ಜನ ಸೇತುವೆ ಮೇಲೆ ನಿಂತು ನೋಡುವ ಸೀಮೆಯಲ್ಲಿ ಈ ಸಮುದ್ರ ಎಲ್ಲಿಂದ ಬಂತು ಎಂಬುದು ಕಲಾ ಇತಿಹಾಸಕಾರರಿಗೆ ಬಿಟ್ಟ ವಿಚಾರ.

ಶಾಸನಗಳಲ್ಲಿರುವಂತೆ ಇಲ್ಲೂ ಹೊಗಳಿಕೆಯ ಪ್ರಶಸ್ತಿಭಾಗ ಮುಗಿದ ಮೇಲೆ ದತ್ತಿಭಾಗ: ಪ್ರಥಮ ಬಹುಮಾನ, ದ್ವಿತೀಯ ಬಹುಮಾನ, ಕೊಟ್ಟವರ ತಂದೆಯ ಹೆಸರು. ಕೊನೆಯಲ್ಲಿ ಶಾಪಾಶಯ. ಹಳೆಯ ಶಾಸನಗಳಲ್ಲಿ ‘ಇದನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನು’ ಎಂಬ ಅರ್ಥದ ಮಾತಿದ್ದರೆ, ಇಲ್ಲಿ ‘ತೀರ್ಪುಗಾರರ ತೀರ್ಮಾನವೇ ಅಂತಿಮ’. ಓಟದ ದಿನಾಂಕ ಶಾಪಾಶಯಕ್ಕೂ ಕೆಳಗೆ, ಎಳನೀರು ಗಾಡಿ ನಿಲ್ಲುವ ಎತ್ತರದಲ್ಲಿ ಇರುತ್ತದೆ. ಗಾಡಿ ಸರಿಸಿ ನೋಡಿದರೆ ದಿನ, ತಿಂಗಳು ಸಿಗುತ್ತವೆ, ಇಸವಿ ಸಿಗುವುದಿಲ್ಲ. ಆಗ ಲಿಪಿಶಾಸ್ತ್ರ ಉಪಯೋಗಕ್ಕೆ ಬಾರದು. ಯಾವ ಮುಖಂಡರು ಯಾವ ಪಕ್ಷದ ಬಣ್ಣದಲ್ಲಿದ್ದಾರೆ ಎಂಬುದರಿಂದಲೇ ಕಾಲನಿರ್ಣಯ ಮಾಡಬೇಕು.

ಈಗ ಪೂರ್ವಪಕ್ಷ: ಸಂಘಟಕರು ಮೊದಲೇ ಏಕೆ ಸಾರುವುದಿಲ್ಲ? ಅವರದು ಸೋಮಾರಿತನ ಎಂದು ಕೆಲವರು. ನಾನು ಒಪ್ಪುವುದಿಲ್ಲ. ಸಿದ್ಧಾಂತ ಹೀಗಿದೆ: ನಮ್ಮ ಓಟಗಳಿಗೆ ಓಟಗಾರರನ್ನು ಹುಡುಕುವ ಅಗತ್ಯವೇ ಇಲ್ಲ. ಅವರು ಆದೇಶದ ಮೂಲಕ ಬರುತ್ತಾರೆ. ಸುತ್ತೋಲೆ ಮೇಲಿನಿಂದ ಹೊರಟು ಪ್ರಾಂಶುಪಾಲರ ಮೇಜಿಗೆ ಬಂದು, ಅಲ್ಲಿಂದ ಎನ್‌ಎಸ್‌ಎಸ್ ಅಧಿಕಾರಿಯ ಕೈಗೆ ಹೋಗಿ, ‘ನಾಳೆ ಬೆಳಗ್ಗೆ ಆರಕ್ಕೆ ಬರದಿದ್ದರೆ ಹಾಜರಿ ಇಲ್ಲ’ ಎಂಬ ರೂಪದಲ್ಲಿ ಮಕ್ಕಳನ್ನು ಮುಟ್ಟುತ್ತದೆ. ಓಡಬೇಕಾದವರಿಗೆ ಗೊತ್ತು, ಓಡಿಸಬೇಕಾದವರಿಗೆ ಗೊತ್ತು. ಮೂರನೆಯವನಿಗೆ ಏಕೆ ಗೊತ್ತಾಗಬೇಕು? ಸ್ವಂತ ಇಚ್ಛೆಯಿಂದ ಬಂದ ಓಟಾರ್ಥಿ ಆರಂಭದ ಗೆರೆಯ ಬಳಿ ನಿಂತರೆ ಮೂರು ಪ್ರಶ್ನೆಗಳು ಎದುರಾಗುತ್ತವೆ: “ಯಾವ ಕಾಲೇಜು?”, “ಯಾವ ಇಲಾಖೆ?”, “ಮಗನ್ನ ಬಿಡಕ್ಕೆ ಬಂದ್ರಾ?”

ಇದರಿಂದ ಒಂದು ಪ್ರಾಯೋಗಿಕ ಸೂತ್ರ ಹುಟ್ಟುತ್ತದೆ. ಆದೇಶದಿಂದ ನಡೆಯುವ ಓಟಕ್ಕೆ ಕಾರಣ ಬೇಕು, ಕಾರಣಕ್ಕೆ ದಿನಾಚರಣೆ ಬೇಕು. ಆದ್ದರಿಂದ ಓಟ ಹುಡುಕುವವನು ಗೋಡೆ ನೋಡುವುದನ್ನು ಬಿಟ್ಟು ಕ್ಯಾಲೆಂಡರ್ ನೋಡಬೇಕು. ಜನವರಿ 12, ವಿವೇಕಾನಂದ ಜಯಂತಿ. ಜನವರಿ 25, ಮತದಾರರ ದಿನ. ಜೂನ್ 26, ಮಾದಕ ವಸ್ತು ವಿರೋಧಿ ದಿನ. ಅಕ್ಟೋಬರ್ 31, ಏಕತಾ ದಿನ. ಡಿಸೆಂಬರ್ 1, ಏಡ್ಸ್ ದಿನ. ಈ ಬೆಳಗುಗಳಲ್ಲಿ ಬೂಟು ಕಟ್ಟಿ ತಾಲ್ಲೂಕು ಕಚೇರಿಯ ಸುತ್ತಮುತ್ತ ಸುಳಿದಾಡಿದರೆ ಒಂದಲ್ಲ ಒಂದು ಓಟ ತಾನಾಗಿ ಬಂದು ಡಿಕ್ಕಿ ಹೊಡೆಯುವ ಸಂಭವವಿದೆ. ಒಂದು ವಿಷಯ ನೆನಪಿರಲಿ: ಇಲ್ಲಿ ಯಾರೂ ಸುಮ್ಮನೆ ಓಡುವುದಿಲ್ಲ, ಏನಾದರೊಂದರ ಪರ ಅಥವಾ ವಿರುದ್ಧ ಓಡುತ್ತಾರೆ. ಫಲಕ ಹಿಡಿದು ಓಡಬೇಕಾಗಬಹುದು, ಘೋಷಣೆ ಕೂಗುವ ಉಸಿರನ್ನು ಉಳಿಸಿಕೊಳ್ಳಬೇಕು.

ದೂರದ ಬಗ್ಗೆ. ಮ್ಯಾರಥಾನಿಗೆ 42.195 ಕಿ.ಮೀ. ಎಂಬ ಅಳತೆ 1908ರ ಲಂಡನ್ ಒಲಿಂಪಿಕ್ಸ್‌ನಿಂದ ಬಂದದ್ದು. ಮಾನ್ಯತೆ ಪಡೆದ ರಸ್ತೆ ಓಟಗಳನ್ನು ಸೈಕಲ್ ಚಕ್ರಕ್ಕೆ ಎಣಿಕೆಯಂತ್ರ ಕಟ್ಟಿ ಅಳೆಯುತ್ತಾರೆ, ಕಡಿಮೆ ಬೀಳಬಾರದೆಂದು ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚಿಗೇ ಸೇರಿಸುತ್ತಾರೆ. ನಮ್ಮ ಪದ್ಧತಿ ಬೇರೆ. ಸಂಘಟಕರ ಬೈಕು ‘ಇಲ್ಲಿಂದ ಬೈಪಾಸ್, ಬೈಪಾಸಿಂದ ದೇವಸ್ಥಾನ’ ಎಂದು ಹೋಗಿ ಬರುತ್ತದೆ. ಮುಖ್ಯ ಅತಿಥಿಗಳು ತಡವಾಗಿ ಬಂದು ಬಿಸಿಲೇರಿದರೆ ದೇವಸ್ಥಾನವನ್ನು ಕೈಬಿಡಲಾಗುತ್ತದೆ. ಹೀಗಾಗಿ ಅದೇ ಮ್ಯಾರಥಾನ್ ಒಂದು ವರ್ಷ ಐದು ಕಿಲೋಮೀಟರ್ ಇದ್ದು ಮರುವರ್ಷ ಮೂರಕ್ಕೆ ಇಳಿಯಬಲ್ಲದು. ಓಟಾರ್ಥಿಯ ಸಮಯ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತ ಹೋಗುವುದಕ್ಕೆ ಇದಕ್ಕಿಂತ ಒಳ್ಳೆಯ ತರಬೇತಿ ಇಲ್ಲ.

ತಾಲ್ಲೂಕುವಾರು ಭೇದಗಳನ್ನೂ ಹೇಳಬೇಕು. ಶಿಡ್ಲಘಟ್ಟದ ಓಟಾರ್ಥಿ ದಿನಾಂಕ ಮೊದಲೇ ತಿಳಿದರೂ ಮಾತು ಕೊಡಲಾರ. ಅವನ ಮನೆಯಲ್ಲಿ ರೇಷ್ಮೆ ಹುಳು ಇದೆ. ನಾಲ್ಕನೇ ಜ್ವರ ಎದ್ದ, ಎಂದರೆ ನಾಲ್ಕನೇ ಸಲ ಪೊರೆ ಕಳಚಿದ, ಹುಳುವಿಗೆ ಭಾನುವಾರವೂ ಒಂದೇ, ಸೋಮವಾರವೂ ಒಂದೇ, ಸೊಪ್ಪು ಬೀಳುತ್ತಲೇ ಇರಬೇಕು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಬೆಳಗ್ಗೆ ಒಲಿಂಪಿಕ್ಸ್ ಬಾಗಿಲಿಗೆ ಬಂದರೂ ಆತ ಹೊರಡುವುದಿಲ್ಲ. ಗೂಡು ಮಾರುಕಟ್ಟೆ ಸೇರಿದ ಮೇಲೆ ಅವನ ಓಟ ನೋಡಬೇಕು, ಅದು ದರದ ಹಿಂದಿನ ಓಟ. ಚಿಂತಾಮಣಿಯವರಿಗೆ ಪೌರಾಣಿಕ ಬೆಂಬಲವಿದೆ. ಭೀಮ ಬಕಾಸುರನನ್ನು ಕೊಂದ ಏಕಚಕ್ರಪುರ ತಮ್ಮ ಕೈವಾರವೇ ಎಂಬುದು ಅವರ ನಂಬಿಕೆ. ಸ್ಪರ್ಧೆಗೆ ಮುನ್ನ ಒಂದು ಬಂಡಿ ಅನ್ನ ಉಣ್ಣುವ ಭೀಮನ ಪದ್ಧತಿಯನ್ನು ಆಧುನಿಕರು ಕಾರ್ಬೋ ಲೋಡಿಂಗ್ ಎನ್ನುತ್ತಾರೆ, ಬಂಡಿಯ ಪ್ರಮಾಣ ಮಾತ್ರ ಕುಗ್ಗಿದೆ. ಚಿಕ್ಕಬಳ್ಳಾಪುರದವರಿಗೆ 1,478 ಮೀಟರ್ ಎತ್ತರದ ನಂದಿಬೆಟ್ಟವಿದೆ, ವಾರಾಂತ್ಯದಲ್ಲಿ ಅದನ್ನು ಬೆಂಗಳೂರಿನವರು ಬಳಸುತ್ತಿರುತ್ತಾರೆ.

ಬೆಂಗಳೂರಿಗೇ ಹೋಗಿ ಓಡಬಾರದೇಕೆ ಎಂದು ಕೇಳುವವರಿದ್ದಾರೆ. 2008ರಿಂದ ಅಲ್ಲಿ ವರ್ಲ್ಡ್ 10ಕೆ ನಡೆಯುತ್ತಿದೆ, ತಿಂಗಳುಗಟ್ಟಲೆ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ. ಗಣಿತ ಮಾಡೋಣ. ಇಂಥ ಓಟಗಳಲ್ಲಿ ಎದೆಚೀಟಿಯನ್ನು ಓಟದ ದಿನಕ್ಕೆ ಮುಂಚೆಯೇ ಹೋಗಿ ಪಡೆಯಬೇಕು. ಗೌರಿಬಿದನೂರಿನಿಂದ ಬೆಂಗಳೂರು ಸುಮಾರು 75 ಕಿ.ಮೀ. ಚೀಟಿಗೆ ಹೋಗಿ ಬರಲು 150, ಓಟಕ್ಕೆ ಹೋಗಿ ಬರಲು 150. ಹತ್ತು ಕಿಲೋಮೀಟರ್ ಓಡಲು ಮುನ್ನೂರು ಕಿಲೋಮೀಟರ್ ಕೂರಬೇಕು. ಡಾಕ್ಟರು ಹೇಳಿದ್ದು ಇದನ್ನಲ್ಲ. ಮೇಲಾಗಿ ನಸುಕಿನ ಓಟಕ್ಕೆ ಹಿಂದಿನ ರಾತ್ರಿಯೇ ಹೋಗಿ ನೆಂಟರ ಮನೆಯಲ್ಲಿ ಮಲಗಬೇಕು. ನೆಂಟರು ರಾತ್ರಿ ಹನ್ನೊಂದರವರೆಗೆ ಊರ ಸೈಟಿನ ದರ ಕೇಳುತ್ತಾರೆ.

ಈ ದಾರಿಯಲ್ಲಿ ನಮ್ಮ ತಾಲ್ಲೂಕಿನ ದಾಖಲೆಯನ್ನು ಮುರಿದವರಿಲ್ಲ. ಹೊಸೂರಿನ ಬಡ ಮನೆಯ ಹುಡುಗ ಎಚ್. ನರಸಿಂಹಯ್ಯ 1935ರಲ್ಲಿ ಓದಲೆಂದು ಬೆಂಗಳೂರಿಗೆ ನಡೆದೇ ಹೋದರು, ಬಸ್ಸಿಗೆ ಕಾಸಿರಲಿಲ್ಲ. ಸುಮಾರು 80 ಕಿ.ಮೀ. ಇಂದಿನ ಲೆಕ್ಕದಲ್ಲಿ ಅದು ಅಲ್ಟ್ರಾ ಮ್ಯಾರಥಾನ್. ನೀರಿನ ಮೇಜಿಲ್ಲ, ಎದೆಚೀಟಿ ಇಲ್ಲ, ಬಾವುಟ ಬೀಸಿದವರ ಹೆಸರು ಯಾವ ವರದಿಯಲ್ಲೂ ಇಲ್ಲ. ತಲುಪಿದ್ದು ನ್ಯಾಷನಲ್ ಹೈಸ್ಕೂಲು, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. 1976ರಲ್ಲಿ ಪವಾಡಗಳನ್ನು ಪರೀಕ್ಷಿಸುವ ಸಮಿತಿ ಕಟ್ಟಿ, ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂದು ಊರೂರಿಗೆ ಹೇಳಿದವರು ಇವರೇ. ‘ಭಾಗವಹಿಸಿದ ಎಲ್ಲರಿಗೂ ಟೀ ಶರ್ಟ್’ ಎಂಬ ಫ್ಲೆಕ್ಸ್ ವಾಕ್ಯವನ್ನು ಆ ಸಮಿತಿಯ ಮುಂದಿಡುವ ಅವಕಾಶ ತಪ್ಪಿಹೋಯಿತಲ್ಲ ಎಂಬ ವಿಷಾದ ನನಗಿದೆ.

ಇಷ್ಟೆಲ್ಲ ಚರ್ಚೆಯಲ್ಲಿ ನಿಜವಾಗಿ ಓಡುವವರನ್ನು ಮರೆತರೆ ಪಾಪ ಬರುತ್ತದೆ. ಬೆಳಗ್ಗೆ ಐದಕ್ಕೆ ಗೌರಿಬಿದನೂರಿನ ನೇತಾಜಿ ಕ್ರೀಡಾಂಗಣಕ್ಕೆ ಹೋಗಿ. ಹಳ್ಳಿಗಳಿಂದ ಬಂದ ಹುಡುಗರು ಬರಿಗಾಲಲ್ಲಿ, ಸವೆದ ಬೂಟಲ್ಲಿ ಸುತ್ತು ಹಾಕುತ್ತಿರುತ್ತಾರೆ. ಅವರು ಯಾವ ಓಟವನ್ನೂ ಹುಡುಕುತ್ತಿಲ್ಲ, ಅವರ ಓಟ ಅಧಿಸೂಚನೆಯಲ್ಲೇ ಇದೆ: ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ 1,600 ಮೀಟರ್, ಆರೂವರೆ ನಿಮಿಷ. ಅಳತೆ ಸರಿಯಾಗಿರುತ್ತದೆ, ಗಡಿಯಾರ ಸರಿಯಾಗಿರುತ್ತದೆ, ಬಹುಮಾನ ನಿವೃತ್ತಿಯವರೆಗೆ ತಿಂಗಳು ತಿಂಗಳು ಬರುತ್ತದೆ. ಈ ಸೀಮೆಯ ಅತ್ಯುತ್ತಮ ಸಂಘಟಿತ ಓಟ ಇದೇ ಎಂದು ನನ್ನ ಅಭಿಪ್ರಾಯ. ನಮ್ಮ ರೇಡಿಯೋ ದೂರದರ್ಶಕದ ಪೂರ್ವ-ಪಶ್ಚಿಮ ತೋಳು 1.4 ಕಿ.ಮೀ. ಉದ್ದವಿದೆ. ವಿಜ್ಞಾನಿಗಳು ಇನ್ನೊಂದು ಇನ್ನೂರು ಮೀಟರ್ ಧಾರಾಳ ತೋರಿದ್ದರೆ ಅದರ ಪಕ್ಕದಲ್ಲೇ ಅಭ್ಯಾಸ ಮಾಡಬಹುದಿತ್ತು. ಈ ಓಟಕ್ಕೆ ನಮ್ಮ ಓಟಾರ್ಥಿ ಸೇರಲಾರ, ವಯೋಮಿತಿ ಇದೆ. ನೌಕರರ ಕ್ರೀಡಾಕೂಟಕ್ಕೆ ಸೇರಲಾರ, ನೌಕರಿ ಇಲ್ಲ.

ಆದರೆ ಆ ಹುಡುಗರ ಪಕ್ಕದಲ್ಲಿ ಸೀಟಿ ಹಿಡಿದು ನಿಂತಿರುವವರನ್ನು ಗಮನಿಸಿ: ಡ್ರಿಲ್ ಮಾಸ್ಟರು. ಹೋಬಳಿ ಕ್ರೀಡಾಕೂಟ, ದಸರಾ ಕ್ರೀಡಾಕೂಟ, ಗಡಿಯಾಚೆ ಹಿಂದೂಪುರದಲ್ಲಿ ನಡೆಯುವ ಓಟ, ಎಲ್ಲವೂ ಅವರಿಗೆ ಮೊದಲೇ ಗೊತ್ತು. ಆಪ್ತವಾಕ್ಯವೇ ಶಬ್ದಪ್ರಮಾಣ ಎಂದ ನೈಯಾಯಿಕರು ಇವರನ್ನು ನೋಡಿಯೇ ಹಾಗೆಂದಿರಬೇಕು. ಕೇಳಿದರೆ ಸೀಟಿ ಬಾಯಿಂದ ತೆಗೆಯದೆಯೇ “ಬರೋ ಭಾನುವಾರ ಐತೆ, ಬನ್ನಿ” ಎಂದು ಜೇಬಿನಿಂದ ನಾಲ್ಕಾಗಿ ಮಡಿಸಿದ ಅರ್ಜಿ ಕೊಡುತ್ತಾರೆ. ಅರ್ಜಿಯ ಕೊನೆಯ ಕಲಂ: ‘ಸಂಸ್ಥೆಯ ಮುಖ್ಯಸ್ಥರ ಸಹಿ ಮತ್ತು ಮೊಹರು’. ಯಾವ ಸಂಸ್ಥೆಗೂ ಸೇರದವನು ಏನು ಮಾಡಬೇಕೆಂಬಲ್ಲಿ ವಿದ್ವಾಂಸರಲ್ಲಿ ಭಿನ್ನಮತವಿದೆ. ಖಾಲಿ ಬಿಡಬೇಕೆಂದು ಪ್ರಾಚೀನರು. ಗೃಹವೂ ಒಂದು ಸಂಸ್ಥೆಯೇ, ಹೆಂಡತಿಯ ಸಹಿ ಸಾಕೆಂದು ನವ್ಯರು. ಆದರೆ ಆಕೆಯ ಬಳಿ ಮೊಹರಿಲ್ಲ, ಸಹಿಗೂ ಷರತ್ತುಗಳಿವೆ. ಬಸ್ ನಿಲ್ದಾಣದ ಬಳಿಯ ಗೊಬ್ಬರದಂಗಡಿಯವರು ಮೂರನೆಯ ಪಂಥದ ಪ್ರವರ್ತಕರು. ಅವರು ಕೇಳಿದ ತಕ್ಷಣ ಒತ್ತಿಕೊಡುವ ನೇರಳೆ ಮೊಹರಿನಲ್ಲಿ ‘ಮಾರಿದ ಮಾಲನ್ನು ವಾಪಸು ಪಡೆಯಲಾಗುವುದಿಲ್ಲ’ ಎಂದಿದೆ, ಅಂಥ ಅರ್ಜಿಯನ್ನು ಇದುವರೆಗೆ ಯಾರೂ ತಿರಸ್ಕರಿಸಿಲ್ಲ.