ಕ್ಲಿಯರೆನ್ಸ್ ಸಿಗದ ವಿಮಾನ

ಎಚ್‌ಎಎಲ್‌ನಿಂದ ರಿಟೈರಾದವರಲ್ಲಿ ಎರಡು ಬಗೆ. ಇಂದಿರಾನಗರದ ಮನೆಯನ್ನು ಪಬ್ಬಿಗೆ ಬಾಡಿಗೆ ಕೊಟ್ಟು ಹಾಯಾಗಿರುವವರು ಒಂದು. ನೌಕರಿ ಬಿಟ್ಟರೂ ಇನ್‌ಸ್ಪೆಕ್ಷನ್ ಬಿಡದವರು ಇನ್ನೊಂದು. ಎಚ್‌ಎಎಲ್ ಎರಡನೇ ಹಂತದ ನಮ್ಮ ರಾಯರು ಈ ಎರಡನೆಯ ಪೈಕಿ. ದೋಸೆಯನ್ನೂ ಬೆಳಕಿಗೆ ಹಿಡಿದು ನೋಡಿಯೇ ಬಾಯಿಗಿಡುತ್ತಾರೆ.

ಸದ್ಯ ಊಟದ ಮೇಜಿನ ಮೇಲೆ ಎಚ್‌ಟಿ-2 ತಯಾರಾಗುತ್ತಿದೆ. ಡಾ. ವಿ.ಎಂ. ಘಾಟಗೆ ವಿನ್ಯಾಸ ಮಾಡಿದ, 1951ರ ಆಗಸ್ಟ್‌ನಲ್ಲಿ ಮೊದಲು ಹಾರಿದ ತರಬೇತಿ ವಿಮಾನ. ಅಸಲಿಯ ರೆಕ್ಕೆ 10.72 ಮೀಟರ್, ರಾಯರದು ಅದರ 24ರಲ್ಲೊಂದು ಪಾಲು. ಮೈಯೆಲ್ಲ ಬಾಲ್ಸಾ ಕಡ್ಡಿ, ಎಂಜಿನ್ ಜಾಗದಲ್ಲಿ ರಬ್ಬರ್ ಪಟ್ಟಿ. "ಇಷ್ಟು ವರ್ಷ ಜೆಟ್ ಮಾಡಿ ಕೊನೆಗೆ ರಬ್ಬರ್ ಬ್ಯಾಂಡಾ ಮಾವ?" ಎಂದ ಅಳಿಯನ ಭಾನುವಾರ ಅಲ್ಲಿಗೆ ಮುಗಿಯಿತು. ಪ್ಯಾರಿಸ್‌ನ ಪೆನೊ ರಬ್ಬರ್ ಹುರಿ ಮಾಡಿ 11 ಸೆಕೆಂಡ್ ವಿಮಾನ ಹಾರಿಸಿದ್ದು 1871ರ ಆಗಸ್ಟ್ 18ಕ್ಕೆ. ಆರ್ವಿಲ್ ರೈಟ್ ಹುಟ್ಟಿದ್ದೇ ಮಾರನೇ ದಿನ!

ಬಾಲದಲ್ಲಿ ಒಂದು ಗ್ರಾಂ ಹೆಚ್ಚಾದರೆ ಸಮತೂಕಕ್ಕೆ ಮೂಗಿಗೆ ಎರಡು ಮೂರು ಗ್ರಾಂ ಮೆತ್ತಬೇಕು. ಹಾಗಾಗಿ ರಾಯರು ಅಕ್ಕಸಾಲಿಗರ ತಕ್ಕಡಿ ತಂದು ಗೋಂದನ್ನೂ ತೂಗುತ್ತಾರೆ. ರಬ್ಬರ್ ಸುತ್ತಲು ಶಿವಾಜಿನಗರದ ಗುಜರಿಯಿಂದ ಕೈ ಡ್ರಿಲ್ ಬಂದಿದೆ. ಟಿಶ್ಯೂ ಕಾಗದಕ್ಕೆ ಬಳಿಯುವ ಡೋಪ್ ಒಣಗಿ ಬಿಗಿದು ರೆಕ್ಕೆ ಸೊಟ್ಟಗಾಗಬಾರದಲ್ಲ, ಅದಕ್ಕೆ ನಾಲ್ಕು ಹನಿ ಹರಳೆಣ್ಣೆ. "ಮೊಮ್ಮಗನ ತಲೆಗೆ ಅಂತ ಇಟ್ಟಿದ್ದೆ ಕಣ್ರೀ" ಎಂದು ಹೆಂಡತಿ ಗೊಣಗುತ್ತಾರೆ. ಹಲಸೂರಿನ ಗೆಳೆಯರೊಬ್ಬರು, ರೆಕ್ಕೆ ಮೇಲಿರುವ ಪುಷ್ಪಕ್ ಕಟ್ಟಿದ್ದರೆ ಸಲೀಸಾಗಿ ಹಾರುತ್ತಿತ್ತಲ್ಲ ಎಂದರು. ಅವರಿಗೀಗ ಕಾಫಿ ಬಂದ್.

ಇಷ್ಟಾದರೂ ವಿಮಾನ ಮೇಜು ಬಿಟ್ಟು ಏಳಲಿಲ್ಲ. ಕಾರಣ, ದೋಷ ಬರೆದಿಡುವ ಸ್ನ್ಯಾಗ್ ರಿಜಿಸ್ಟರು. ಕಟ್ಟಿದ ರಾಯರು ಸಹಿ ಹಾಕುತ್ತಾರೆ. ಕನ್ನಡಕ ಬದಲಿಸಿ ಇನ್‌ಸ್ಪೆಕ್ಟರಾದ ರಾಯರು ರಿಜೆಕ್ಟ್ ಮಾಡುತ್ತಾರೆ. ಎಡ ರೆಕ್ಕೆ ಅರ್ಧ ಮಿಲಿಮೀಟರ್ ತಗ್ಗು. ರಾತ್ರಿ ಇಬ್ಬರಿಗೂ ನಿದ್ದೆಯಿಲ್ಲ.

ಕೊನೆಗೆ ರಾಯರು ಸ್ನಾನಕ್ಕೆ ಹೋದಾಗ ಮೊಮ್ಮಗ ಟೆರೇಸಿಗೊಯ್ದು, ರಬ್ಬರ್ ಸುತ್ತಿ ಬಿಟ್ಟೇಬಿಟ್ಟ. ಎಚ್‌ಟಿ-2 ತೆಂಗಿನ ಮರ ಬಳಸಿ, ಎಡಕ್ಕೆ ವಾಲಿ, ನೂರಡಿ ರಸ್ತೆಯ ಪಬ್ಬೊಂದರ ಮಾಳಿಗೆಗೆ ಇಳಿಯಿತು. ಸ್ವಲ್ಪ ಹೊತ್ತಿಗೆ ಗೇಟಿನಲ್ಲಿ ಸಪ್ಲೈಯರ್ ಹುಡುಗ. "ಅಂಕಲ್, ಈ ಡ್ರೋನ್ ನಿಮ್ದಾ?"

ರಾಯರು ಒದ್ದೆ ಟವೆಲ್ಲಿನಲ್ಲೇ ಅವನನ್ನು ಕೂರಿಸಿಕೊಂಡು 1940ರಿಂದ, ಎಚ್‌ಎಎಲ್ ಕಟ್ಟಿದ ವಾಲ್‌ಚಂದ್ ಹೀರಾಚಂದರಿಂದ ಶುರು ಮಾಡಿದರು. ಹುಡುಗನ ಮೊಬೈಲಿಗೆ ಮ್ಯಾನೇಜರ್ ಮೂರು ಸಲ ಫೋನ್ ಮಾಡಿದ.

"ಅಂತೂ ಹಾರ್ತಲ್ರೀ!" ಎಂದರು ಹೆಂಡತಿ.

"ಕ್ಲಿಯರೆನ್ಸ್ ಇಲ್ದೆ ಹಾರಿದ್ದು ಲೆಕ್ಕಕ್ಕಿಲ್ಲ" ಎಂದು ರಾಯರು ಕನ್ನಡಕ ಬದಲಿಸಿ ಮೊಮ್ಮಗನತ್ತ ತಿರುಗಿದರು. "ಎಡಕ್ಕೆ ವಾಲ್ತು ಅಂದ್ಯಲ್ಲೋ, ನಾನೇನು ಬರ್ದಿದ್ದೆ?"