ಕಬ್ಬಿಣ ಕೊಟ್ಟು ಖರ್ಜೂರ

ಮಾರ್ಗಳಿಯ ಕೊನೆಯ ವಾರ ಬಂತೆಂದರೆ ಕೊಯಮತ್ತೂರಿನ ಗಂಡಸರಿಗೆಲ್ಲ ಆಫೀಸಿನಲ್ಲಿ ಎಲ್ಲಿಲ್ಲದ ಕೆಲಸ ಬಂದುಬಿಡುತ್ತದೆ. ನನಗೋ ರಿಟೈರಾಗಿ ನಾಲ್ಕು ವರ್ಷ. ಓಡಿಹೋಗೋಣವೆಂದರೆ ಆಫೀಸಿಲ್ಲ. ಕಾಫಿ ಲೋಟ ಕೆಳಗಿಡುವ ಮೊದಲೇ ಮನೆಯವಳು ಸ್ಟೂಲು ತಂದು ಅಟ್ಟದ ಕೆಳಗೆ ಊರಿದಳು.

"ರೀ, ನಾಳಿದ್ದು ಕಾಪು ಕಟ್ಟೋದು. ಅಷ್ಟರೊಳಗೆ ಅಟ್ಟ ಇಳೀಬೇಕು. ಹಾಗೇ ನಿಮ್ಮ ಹೊಟ್ಟೇನೂ."

ಅಟ್ಟದ ಜೊತೆ ಹೊಟ್ಟೆಯೂ ಬಂದದ್ದು ಸುಮ್ಮನೆ ಅಲ್ಲ. ಹಿಂದಿನ ವಾರ ರಕ್ತ ಪರೀಕ್ಷೆಯ ರಿಪೋರ್ಟ್ ಬಂದಿತ್ತು. ಸಕ್ಕರೆ, ಕೊಲೆಸ್ಟರಾಲ್ ಎರಡನ್ನೂ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದರು. ಹೈಸ್ಕೂಲಿನಲ್ಲೂ ನಾನು ಅಷ್ಟು ಅಂಕ ತೆಗೆದವನಲ್ಲ.

ಚಾಮರಾಜನಗರದ ಕಡೆಯಿಂದ ದಿಂಬಂ ಘಾಟಿಯ 27 ತಿರುವು ಇಳಿದು ಬಂದ ನಮಗೆ ಈ ಕಾಪು ಮೊದಮೊದಲು ಹೊಸದು. ಮದ್ರಾಸಿನವರಿಗೆ ಭೋಗಿಯೆಂದರೆ ಹಳೇ ಚಾಪೆ, ಮುರುಕು ಪೊರಕೆ ರಾಶಿ ಹಾಕಿ ಬೆಳಗಿನ ಜಾವ ಬೆಂಕಿ ಇಡುವುದು. ಕೊಂಗುನಾಡಿನಲ್ಲಿ ಬೆಂಕಿಗಿಂತ ಸೊಪ್ಪಿಗೇ ಮಾನ ಜಾಸ್ತಿ. ಬೇವಿನ ಎಲೆ, ನಮ್ಮಲ್ಲಿ ತಂಗಡಿ ಅನ್ನುವ ಹಳದಿ ಆವಾರಂಪೂ, ಉಣ್ಣೆ ಮೆತ್ತಿದಂತಿರುವ ಬೆಳ್ಳನೆಯ ಪೂಳೈಪೂ, ಇವಿಷ್ಟನ್ನೂ ಸೇರಿಸಿ ಒಂದು ಹಿಡಿ ಕಟ್ಟಿ ಮನೆ ಸೂರಿಗೆ, ಹೊಲಕ್ಕೆ, ಕೊಟ್ಟಿಗೆಗೆ ಸಿಕ್ಕಿಸುತ್ತಾರೆ. ಕೆಟ್ಟದ್ದು ಯಾವುದೂ ಒಳಗೆ ಬರಬಾರದು ಅಂತ. ನಮ್ಮವಳ ತರ್ಕ ಇನ್ನೂ ಒಂದು ಹೆಜ್ಜೆ ಮುಂದೆ. "ಧೂಳು ಒಳಗಿಟ್ಕೊಂಡು ಕಾಪು ಕಟ್ಟಿದ್ರೆ, ಕಳ್ಳನ್ನ ಒಳಗಿಟ್ಟು ಬೀಗ ಹಾಕಿದ ಹಾಗೆ."

ಹತ್ತಿದೆ. ಅಟ್ಟದಲ್ಲಿ ಏನೇನಿತ್ತು ಅಂತ ಹೇಳಿದರೆ ನೀವು ನಗಬಾರದು, ಯಾಕೆಂದರೆ ನಿಮ್ಮ ಅಟ್ಟದಲ್ಲೂ ಅದೇ ಇದೆ. ಟಿವಿ ಕೆಟ್ಟು, ಹೊರಗೆ ಹೋಗಿ, ಹೊಸ ಟಿವಿ ಬಂದು ಅದೂ ಹಳತಾದರೂ ಮೊದಲಿನ ಟಿವಿಯ ರಟ್ಟಿನ ಪೆಟ್ಟಿಗೆ ಥರ್ಮೊಕೋಲ್ ಸಮೇತ ಭದ್ರವಾಗಿತ್ತು, 'ವಾರಂಟಿಗೆ ಬೇಕು' ಅಂತ. ಕುಕ್ಕರಿನ ಸಡಿಲಾದ ರಬ್ಬರು ಐದು, ಕುಕ್ಕರು ಮಾತ್ರ ಇಲ್ಲ. ಮಗ ಯುಕೆಜಿಯಲ್ಲಿ ಮಾಡಿದ ಮೊಟ್ಟೆ ಚಿಪ್ಪಿನ ಪೆಂಗ್ವಿನ್. ಈಗ ಮಗನಿಗೇ ಯುಕೆಜಿ ಮಗಳಿದ್ದಾಳೆ. ನಮ್ಮದು ಬಿಡಿ. ಬೀದಿಯ ಉಳಿದ ಅಟ್ಟಗಳನ್ನು ಅಗೆದರೆ ತಮಿಳುನಾಡಿನ ಚುನಾವಣಾ ಇತಿಹಾಸವೇ ಪದರ ಪದರವಾಗಿ ಸಿಗುತ್ತದೆ. ಕೆಳಪದರದಲ್ಲಿ 2006ರ ಚುನಾವಣೆಯ ನಂತರ ಬಂದ ಉಚಿತ ಬಣ್ಣದ ಟಿವಿ, ಅದರ ಮೇಲೆ 2011ರ ಚುನಾವಣೆಯ ನಂತರ ಬಂದ ಉಚಿತ ಮಿಕ್ಸಿ, ಗ್ರೈಂಡರ್, ಫ್ಯಾನು.

"ಏನಪ್ಪಾ, ಒಟ್ಟಡೆ ಹೊಡ್ದಾಯ್ತಾ?"

ಎದುರುಮನೆ ಪಾಟಿ, ಅಂದರೆ ಅಜ್ಜಿ. ದೇವಾಂಗದವರು. ಹಿರಿಯರು ಯಾವ ಕಾಲದಲ್ಲೋ ಕನ್ನಡ ಸೀಮೆಯಿಂದ ಮಗ್ಗದ ಜೊತೆ ಇಳಿದು ಬಂದವರು. ಅವರ ಚೌಡೇಶ್ವರಿ ಇಲ್ಲಿ ಸೌಡೇಶ್ವರಿ ಅಮ್ಮನ್ ಆಗಿ ನೆಲೆಸಿದ್ದಾಳೆ. ಮನೆಮಾತು ಇವತ್ತಿಗೂ ಕನ್ನಡ, ಓದು ಬರಹ ಪೂರಾ ತಮಿಳು. ಜೇಡರ ಬಲೆಗೆ ತಮಿಳಿನ ಒಟ್ಟಡೆ, ಅದನ್ನು ಹೊಡೆಯುವುದು ಮಾತ್ರ ಕನ್ನಡದಲ್ಲಿ. ಎಂಬತ್ತು ದಾಟಿದ ಪಾಟಿ ಬೆನ್ನು ಬಾಗಿಸದೆ ನಡೆಯುತ್ತಾರೆ. ನಾನು ಸ್ಟೂಲಿನ ಮೇಲೆ ಏದುಸಿರು ಬಿಡುತ್ತಿದ್ದದ್ದನ್ನು ಸ್ವಲ್ಪ ಹೊತ್ತು ನೋಡಿ, "ರುಬ್ಬೋ ಕಲ್ಲು ಏನ್ ಮಾಡ್ದ್ರಿ?" ಅಂದರು.

ಏನು ಮಾಡಿದೆವು? ಮನೆ ಕಟ್ಟುವಾಗ ತಳಪಾಯಕ್ಕೆ ಹಾಕಿದೆವು. ಕಲ್ಲಿನ ವಿಷಯದಲ್ಲಿ ಈ ಊರಿನವರ ಮುಂದೆ ಬಾಯಿ ಬಿಡುವಂತಿಲ್ಲ. ಒರಳಿಗೆ ಮೋಟಾರು ಕಟ್ಟಿ ವೆಟ್ ಗ್ರೈಂಡರ್ ಮಾಡಿದ್ದೇ ಕೊಯಮತ್ತೂರು. 1955ರಲ್ಲಿ ಪಿ. ಸಭಾಪತಿ ಎಂಬವರು ಮಾಡಿದರು. ಈಗ 'ಕೊಯಮತ್ತೂರು ವೆಟ್ ಗ್ರೈಂಡರ್'ಗೆ ಮೈಸೂರು ಮಲ್ಲಿಗೆಯ ಹಾಗೆ ಜಿಐ ಮಾನ್ಯತೆ ಇದೆ. ಅದಕ್ಕೆ ಬೇಕಾದ ಕಲ್ಲು ತಿರುಪ್ಪೂರು ಜಿಲ್ಲೆಯ ಊತ್ತುಕುಳಿಯ ಕಡೆಯದು. ಬೆಣ್ಣೆಗೆ ಹೆಸರಾದದ್ದೂ ಅದೇ ಊತ್ತುಕುಳಿ. ಹಿಟ್ಟು ರುಬ್ಬಲು ಕಲ್ಲು, ದೋಸೆ ಮೇಲೆ ಹಾಕಲು ಬೆಣ್ಣೆ, ಎರಡೂ ಒಂದೇ ಊರಿಂದ! ನನ್ನ ರಕ್ತದ ರಿಪೋರ್ಟಿಗೆ ಊತ್ತುಕುಳಿಯೂ ಒಂದು ರುಜು ಹಾಕಬೇಕು.

ಮುಂದಿನ ಕಥೆ ಗೊತ್ತಲ್ಲ. ಕೈ ಉಳಿಯಿತು, ಹಿಟ್ಟು ಹೆಚ್ಚಿತು. ಸೇರು ಅಕ್ಕಿ ಹಾಕುವಲ್ಲಿ ಎರಡು ಸೇರು ಹಾಕಿದೆವು. ವಾರವಿಡೀ ಇಡ್ಲಿ, ದೋಸೆ, ಪಣಿಯಾರ. ಆ ಹೊಟ್ಟೆ ಕರಗಿಸಲು ರೇಸ್‌ಕೋರ್ಸ್ ಸುತ್ತ ಇರುವ ವಾಕಿಂಗ್ ದಾರಿಗೆ ಬೆಳಿಗ್ಗೆ ಐದೂವರೆಗೆ ಹೋಗಬೇಕು. ಜನವರಿ ಮೊದಲ ವಾರ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಊರಿಗೆ ಊರೇ ಹೊಸ ಬೂಟು ಹಾಕಿ ಕೈ ಬೀಸುತ್ತಿರುತ್ತದೆ. ಪೊಂಗಲ್ ಮುಗಿಯುವ ಹೊತ್ತಿಗೆ ದಾರಿ ಮತ್ತೆ ಹಳೇ ಗಿರಾಕಿಗಳ ಪಾಲು. ನಾನು ಒಂದು ಸುತ್ತು ಮುಗಿಸಿ ನೇರ ಅನ್ನಪೂರ್ಣ ಹೋಟೆಲಿಗೆ ಹೋಗುತ್ತಿದ್ದೆ. ಸಾಂಬಾರಿನಲ್ಲಿ ಮುಳುಗಿದ ಇಡ್ಲಿ ಕಂಡ ಮೇಲೂ ಎರಡನೇ ಸುತ್ತು ಹಾಕುವವನು ಮನುಷ್ಯನೇ ಅಲ್ಲ. ಪಾಟಿಗೆ ಈ ವಾಕಿಂಗೇ ಒಂದು ತಮಾಷೆ. "ಕಲ್ಲು ಇದ್ದಾಗ ಕೈ ಆಡ್ಸಲಿಲ್ಲ. ಈಗ ಗಾಳಿ ರುಬ್ತೀರ" ಅನ್ನುತ್ತಾರೆ.

ನೆಲ ಒರೆಸುವುದಕ್ಕೆ ಮಾತ್ರ ನಮ್ಮ ಕಡೆ ಬರವಿಲ್ಲ. ತಿರುಪ್ಪೂರು ಪಕ್ಕದಲ್ಲೇ ಇರುವಾಗ ಒರೆಸುವ ಬಟ್ಟೆಯನ್ನು ದುಡ್ಡು ಕೊಟ್ಟು ಕೊಂಡವನು ಇಲ್ಲಿ ಪೆದ್ದ. ಬನಿಯನ್ ಕಂಪನಿಗಳ ಕಟಿಂಗ್ ವೇಸ್ಟು ಮೂಟೆಗಟ್ಟಲೆ ಬರುತ್ತದೆ. ಆಯುಧಪೂಜೆಗೆ ಲೇತು, ಪಂಪು ಉಜ್ಜುವುದೂ ಅದರಲ್ಲೇ. ಉಳಿದ ಚಿಂದಿ ಮಿಲ್ಲಿಗೆ ಹೋಗಿ ಮತ್ತೆ ನೂಲಾಗಿ ಬರುತ್ತದೆ. ಆ ಪುನರ್ಜನ್ಮದ ಭಾಗ್ಯ ನನ್ನ ಟೀ ಶರಟುಗಳಿಗಿಲ್ಲ. ತಿರುಪ್ಪೂರಿನ ಖಾದರ್‌ಪೇಟೆಯಲ್ಲಿ ರಫ್ತಿನಲ್ಲಿ ಉಳಿದ ಮಾಲು ಅಗ್ಗಕ್ಕೆ ಸಿಗುತ್ತದೆಂದು ಆರು ತಂದಿದ್ದೆ. ಎಲ್ಲಾ 'ಎಲ್' ಸೈಜು. ತಲೆ ತೂರಿತು, ಹೊಟ್ಟೆ ಹತ್ತಿರ ನಿಂತಿತು. ಚೀಟಿ ಹೊಲಿದದ್ದರಲ್ಲೇ ತಪ್ಪಾಗಿದೆ ಅಂತ ನಾನು. "ಚೀಟಿ ಸರಿಯಾಗೇ ಇದೆ" ಅಂತ ಇವಳು. ಆರೂ ಈಗ ಅಡುಗೆಮನೆ ನೆಲದ ಮೇಲಿವೆ.

ಕೊನೆಗೆ ಉಳಿದದ್ದು ವ್ಯಾಯಾಮದ ಸೈಕಲ್. ಅಟ್ಟಕ್ಕೆ ಏರಿಸಲಾಗದೆ ರೂಮಿನ ಮೂಲೆಯಲ್ಲಿ ಮೂರು ವರ್ಷದಿಂದ ನಿಂತಿದೆ. ಹ್ಯಾಂಡಲಿನ ಮೇಲೆ ಒದ್ದೆ ಟವೆಲು, ಸೀಟಿನ ಮೇಲೆ ಇಸ್ತ್ರಿಗೆ ಕಾದ ಬಟ್ಟೆ, ಪೆಡಲಿಗೆ ಛತ್ರಿ. ಧೂಳು ಒರೆಸಿ ಮೀಟರು ನೋಡಿದರೆ 7 ಕಿಲೋಮೀಟರು. ಅಂದರೆ ಮೂರು ವರ್ಷದ ಹಿಂದೆ ಊರೊಳಗಿನ ಗಾಂಧಿಪುರದಿಂದ ಹೊರಟವನು ಪೇರೂರು ಪಟ್ಟೀಶ್ವರನ ಗುಡಿಯನ್ನು ಇನ್ನೂ ಮುಟ್ಟಿಲ್ಲ.

ಹಿಂದೆ ತಮಿಳುನಾಡಿನ ಬೀದಿಗಳಲ್ಲಿ ಒಂದು ಕೂಗು ಕೇಳುತ್ತಿತ್ತು. ಹಳೇ ಕಬ್ಬಿಣ, ಸೀಸ, ಹಿತ್ತಾಳೆ ಕೊಟ್ಟರೆ ಪೇರೀಚಂಪಳಂ, ಅಂದರೆ ಖರ್ಜೂರ! ತಕ್ಕಡಿಯ ಒಂದು ಕಡೆ ತುಕ್ಕು ಹಿಡಿದ ಬಕೆಟ್ಟು, ಇನ್ನೊಂದು ಕಡೆ ಹಣ್ಣು. ಮನೆಯ ಕಬ್ಬಿಣ ಹೋಗಿ ಮೈಗೆ ಕಬ್ಬಿಣಾಂಶ ಬರುವ ಈ ವ್ಯಾಪಾರವನ್ನು ಕಂಡುಹಿಡಿದವನು ಯಾರೋ, ಅವನಿಗೆ ಮನೆಯೂ ಗೊತ್ತಿತ್ತು, ಮೈಯೂ ಗೊತ್ತಿತ್ತು. ಈಗ ಗುಜರಿಯವರು ಸಣ್ಣ ಲಾರಿಗೆ ಮೈಕು ಕಟ್ಟಿಕೊಂಡು ಬರುತ್ತಾರೆ, ಕೊಡುವುದು ನೋಟು. ನಮ್ಮ ಸೈಕಲನ್ನು ಎತ್ತಿ ನೋಡಿದವನು, "ಸಾರ್, ಇದುಲ ಇರುಂಬೇ ಇಲ್ಲೆ" ಅಂದ. ಕಬ್ಬಿಣವೇ ಇಲ್ಲವಂತೆ, ಅರ್ಧ ಪ್ಲಾಸ್ಟಿಕ್ಕಂತೆ. ಹನ್ನೆರಡು ಸಾವಿರಕ್ಕೆ ತಂದದ್ದಕ್ಕೆ 260 ರೂಪಾಯಿ ಎಣಿಸಿದ. ನಾನು ಸುಮ್ಮನಿರದೆ ಟೌನ್‌ಹಾಲ್ ಕಡೆ ಹೋಗಿ ಅಷ್ಟಕ್ಕೂ ಖರ್ಜೂರ ತಂದೆ. ಹಳೇ ಸಂಪ್ರದಾಯ ಉಳಿಯಲಿ ಅಂತ.

ಭೋಗಿಯ ಸಂಜೆ ಕಾಪು ಕಟ್ಟಿದೆವು. ಮಾರನೇ ದಿನ ಅವರಿಗೆ ಪೊಂಗಲ್, ನಮಗೆ ಸಂಕ್ರಾಂತಿ. ಎಳ್ಳು ಬೀರಲು ಹೋದರೆ ಪಾಟಿ ತಟ್ಟೆ ನೋಡಿ, ನನ್ನನ್ನು ನೋಡಿ, ಮತ್ತೆ ತಟ್ಟೆ ನೋಡಿದರು. ಇಲ್ಲಿಯವರದ್ದೊಂದು ಗಾದೆಯಿದೆ: ಬಡಕಲಿಗೆ ಎಳ್ಳು, ಕೊಬ್ಬಿದವನಿಗೆ ಹುರುಳಿ. ಅವರು ಬಾಯಿಬಿಟ್ಟು ಏನೂ ಅನ್ನಲಿಲ್ಲ. ಎಳ್ಳು-ಬೆಲ್ಲ ಇಸಿದುಕೊಂಡು ಅದೇ ತಟ್ಟೆ ತುಂಬ ಹುರುಳಿ ಹಾಕಿ ನನ್ನ ಕೈಗೇ ಕೊಟ್ಟರು. ಹುರುಳಿ ಸಾರು ನಮ್ಮ ಸೀಮೆಯ ಹೆಮ್ಮೆ, ಹಾಗಾಗಿ ಅವಮಾನವನ್ನು ಪ್ರಸಾದವೆಂದೇ ಸ್ವೀಕರಿಸಿದೆ. ಆ ಸಾರಿಗೆ ಮುದ್ದೆ ಎರಡು ಹೆಚ್ಚೇ ಇಳಿದದ್ದು ಬೇರೆ ಮಾತು.

ಖರ್ಜೂರದ ಡಬ್ಬ ಮಾತ್ರ ಮರುದಿನದಿಂದ ಕಾಣಲಿಲ್ಲ. 'ಸಕ್ಕರೆ ಇರೋರಿಗೆ ಯಾಕೆ' ಅಂತ ಇವಳು ಬಚ್ಚಿಟ್ಟಿದ್ದಾಳೆ. ಎಲ್ಲಿ? ಇಡೀ ಮನೆಯಲ್ಲಿ ಖಾಲಿ ಇರುವುದು ಒಂದೇ ಜಾಗ. ಮಧ್ಯಾಹ್ನ ಅವಳು ಮಲಗಿದ ಮೇಲೆ ಒಂದು ಸಲ, ರಾತ್ರಿ ಸೀರಿಯಲ್ ಹೊತ್ತಿಗೆ ಒಂದು ಸಲ ಸ್ಟೂಲು ಹತ್ತಿ ಇಳಿಯುತ್ತಿದ್ದೇನೆ. ಒಂದು ದಿನವೂ ತಪ್ಪಿಲ್ಲ. ನಮ್ಮ ಮನೆಗೆ ಬಂದರೆ ದಯವಿಟ್ಟು ಅಟ್ಟದ ಕಡೆ ಕಣ್ಣೆತ್ತಬೇಡಿ.