ಸೂರಿಲ್ಲದ ಸುಖ

ನಮ್ಮ ಅಕ್ಕನ ಮಗನಿಗೆ ಸೂರಿಲ್ಲದ ಕಾರು ಬೇಕಂತೆ.

ಸುದ್ದಿ ಕೇಳಿ ಮೊದಲು ಗಾಬರಿಯಾದದ್ದು ನಮ್ಮವ್ವ. ಅವಳ ಮಟ್ಟಿಗೆ ಸೂರೆಂದರೆ ಹುಡುಗಾಟವಲ್ಲ. ಮದುವೆಯಾಗಿ ಬಂದಾಗ ಹುಲ್ಲಿನ ಮನೆ, ಆಮೇಲೆ ನಾಡಹೆಂಚು, ಆಮೇಲೆ ಮಂಗಳೂರು ಹೆಂಚು, ಅರವತ್ತು ದಾಟಿದ ಮೇಲೆ ತಾರಸಿ. ತನ್ನ ಜೀವಮಾನದ ಏಳಿಗೆಯನ್ನೆಲ್ಲ ಕತ್ತೆತ್ತಿ ನೋಡಿ ಅಳೆದವಳು ಅವಳು. "ಮನೆ ಪಟ್ಟೀಲಿ ಹೆಸ್ರು ಬರ್ಲಿ ಅಂತ ಜನ ಪಂಚಾಯ್ತಿ ಮುಂದೆ ಚಪ್ಲಿ ಸವೆಸ್ತಾವ್ರೆ. ಇವ ಕೈಯಿಂದ ದುಡ್ ಕೊಟ್ಟು ಸೂರ್ ತೆಗುಸ್ತಾನಂತಾ?" ಎಂದಳು. ನಾನು ಸುಮ್ಮನಿದ್ದೆ. ಉತ್ತರವಿಲ್ಲದ ಪ್ರಶ್ನೆಗೆ ಸುಮ್ಮನಿರುವುದನ್ನು ನಾನು ಹಲವು ಸರ್ಕಾರಗಳಿಂದ ಕಲಿತಿದ್ದೇನೆ.

ಹುಡುಗನದೂ ಪೂರಾ ತಪ್ಪಿಲ್ಲ. ಮೈಸೂರಿಂದ ನಂಜನಗೂಡಿನ ಕಡೆ ಬರುವಾಗ ಕಡಕೊಳ ದಾಟಿದ ಮೇಲೆ ಸಿಗುವ ತಾಂಡ್ಯದ ಕೈಗಾರಿಕಾ ಪ್ರದೇಶದಲ್ಲಿ ಅವನಿಗೆ ಶಿಫ್ಟ್ ಕೆಲಸ. ದಿನಕ್ಕೆ ಎಂಟು ಗಂಟೆ ಶೀಟಿನ ಸೂರಿನಡಿ ನಿಲ್ಲುವವನಿಗೆ ಆಕಾಶದ ಮೇಲೆ ಪ್ರೀತಿ ಹುಟ್ಟುವುದು ಸಹಜವೇ. "ರಿಲ್ಯಾಕ್ಸಾಗಿ ಕ್ರೂಸಿಂಗ್ ಮಾಡ್ಬೇಕು ಮಾವ" ಅಂದ. ಹಾಗೆಂದರೇನಪ್ಪಾ ಎಂದು ಕೇಳಿದೆ. ಎಲ್ಲಿಗೂ ಹೋಗುವ ಕೆಲಸವಿಲ್ಲದೆ ನಿಧಾನವಾಗಿ ಹೋಗುತ್ತಿರುವುದಂತೆ. ಇದಕ್ಕೆ ನಮ್ಮಲ್ಲಿ ಬೀದಿ ಸುತ್ತುವುದು ಎಂಬ ಹಳೆಯ ಹೆಸರಿದೆ. ಇದೇ ಕಸುಬಿಗೆ ಅವನಪ್ಪ ಚಿಕ್ಕಂದಿನಲ್ಲಿ ಹುಣಸೆ ಬರಲು ಮುರಿದಿದ್ದರು. ಪೆಟ್ರೋಲು ಸೇರಿದ ಮೇಲೆ ಅದು ಜೀವನಶೈಲಿಯಾಗಿದೆ.

ಬಜೆಟ್ ಐದು ಲಕ್ಷ. ಚೀಟಿ ಎತ್ತಿದ್ದು ಅರ್ಧ, ಅಕ್ಕನ ಸರ ಅಡವಿಟ್ಟದ್ದು ಇನ್ನರ್ಧ. ಆಸೆ ಮಾತ್ರ ಜರ್ಮನಿಯಿಂದ ಶುರುವಾಯಿತು.

ಬಿಎಂಡಬ್ಲ್ಯು ಝಡ್ 4 ಎಂಬ ಕಾರಿದೆ. ಗುಂಡಿ ಒತ್ತಿದರೆ 10 ಸೆಕೆಂಡಿನಲ್ಲಿ ಚಾವಣಿ ಮಡಚಿ ಹಿಂದೆ ಕೂರುತ್ತದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಓಡುತ್ತಿರುವಾಗಲೂ ತೆಗೆಯಬಹುದು. 340 ಕುದುರೆಗಳ ಬಲ, ಕೂರುವುದಕ್ಕೆ ಇಬ್ಬರೇ. ಕುದುರೆಗಳನ್ನು ಜನಕ್ಕೆ ಹಂಚಿದರೆ ತಲೆಗೆ 170 ಬೀಳುತ್ತವೆ. ಟಿಪ್ಪುವಿನ ಸರದಾರರಿಗೂ ಇಷ್ಟು ಸಿಕ್ಕಿರಲಾರದು. ಬೆಲೆ ಸುಮಾರು 90 ಲಕ್ಷ. ಅದರ ಮೇಲೆ ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟಿದ ಕಾರಿಗೆ ಶೇಕಡಾ 18ರ ಜೀವಾವಧಿ ತೆರಿಗೆ. ಶಿಕ್ಷೆಗೂ ತೆರಿಗೆಗೂ ಒಂದೇ ವಿಶೇಷಣ ಕೊಟ್ಟ ಆ ಅನಾಮಧೇಯ ಭಾಷಾಂತರಕಾರನಿಗೆ ನಾನು ಮನಸ್ಸಿನಲ್ಲೇ ಕೈಮುಗಿದಿದ್ದೇನೆ. ತೆರಿಗೆಯೊಂದೇ 16 ಲಕ್ಷದ ಮೇಲೆ. ಅಷ್ಟು ಕೊಟ್ಟರೂ ಕಾರಿನ ಹೊಟ್ಟೆ ನೆಲದಿಂದ ನಾಲ್ಕೂವರೆ ಅಂಗುಲ ಮೇಲಿರುತ್ತದೆ. ನಮ್ಮ ಕಡೆ ಊರ ಮುಂದಿನ ಹಂಪಿನ ಎತ್ತರವನ್ನು ನಿರ್ಧರಿಸುವುದು ಎಂಜಿನಿಯರಲ್ಲ, ಊರಿನ ಸ್ವಾಭಿಮಾನ. ಮೊದಲ ಹಂಪಿಗೇ ಜರ್ಮನಿ ಶರಣಾಗುತ್ತಿತ್ತು.

ಆಮೇಲೆ ಮಿನಿ ಕೂಪರ್. ಅರ್ಧ ಕೋಟಿಯ ಸುತ್ತಮುತ್ತ. ಚಾವಣಿ ಮಡಚಿದಾಗ ಡಿಕ್ಕಿಯಲ್ಲಿ ಉಳಿಯುವ ಜಾಗ 160 ಲೀಟರ್. ಅಂದರೆ ಸೂರು ತೆಗೆದರೆ ಅದನ್ನು ಹೊರಲು ಡಿಕ್ಕಿ ಬೇಕು, ಡಿಕ್ಕಿಗೆ ಏನಾದರೂ ತುಂಬಿದರೆ ಸೂರು ತೆಗೆಯುವ ಹಾಗಿಲ್ಲ. ರಸಬಾಳೆ ಗೊನೆಯೋ ಆಕಾಶವೋ, ಒಂದನ್ನು ಆರಿಸಿಕೊಳ್ಳಬೇಕು.

ಊರಿನ ಮೆಕ್ಯಾನಿಕ್ ಸಲಹೆ ಸರಳವಾಗಿತ್ತು. "ಹಳೇ ಮಾರುತಿ ತಕ್ಕಂಡು ಬಾ, ಗ್ಯಾಸ್ ಕಟರ್ ನನ್ ಹತ್ರ ಅದೆ." ಕಂಪನಿ ಮಾಡಿಕೊಟ್ಟ ಗಾಡಿಯ ಸ್ವರೂಪವನ್ನು ಬದಲಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಕೋರ್ಟು ಬಿಟ್ಟರೂ ಕಬ್ಬಿಣ ಬಿಡುವುದಿಲ್ಲ. ಕಾರಿನ ಮೈಯನ್ನು ಬಿಗಿಹಿಡಿಯುವುದರಲ್ಲಿ ಚಾವಣಿಗೂ ಪಾಲಿದೆ. ಅದನ್ನು ಕೊಯ್ದರೆ ಗಾಡಿ ಹಳೆ ಹಗ್ಗದ ಮಂಚದ ಹಾಗೆ ನಡುವೆ ಜೋಲುತ್ತದೆ. ಅದಕ್ಕೇ ಕಂಪನಿಯವರು ಸೂರಿಲ್ಲದ ಕಾರಿನ ತಳಕ್ಕೆ ಹೆಚ್ಚಿನ ಕಬ್ಬಿಣ ಹಾಕುತ್ತಾರೆ, ಸಾಮಾನ್ಯವಾಗಿ ಅದು ಸೂರಿರುವ ತನ್ನ ಒಡಹುಟ್ಟಿಗಿಂತ ಹೆಚ್ಚು ತೂಗುತ್ತದೆ. ಕಡಿಮೆ ಕೊಟ್ಟು, ಹೆಚ್ಚು ತೂಗಿ, ಇನ್ನೂ ಹೆಚ್ಚು ವಸೂಲಿ ಮಾಡುವ ಈ ವಿದ್ಯೆ ನಮ್ಮ ಸಂತೆಯ ತಕ್ಕಡಿಯವರಿಗೂ ಬಂದಿಲ್ಲ.

ಸೂರು ಮಡಚುವ ಇಂಥ ಕಾರಿಗೆ ಕನ್ವರ್ಟಿಬಲ್ ಎನ್ನುತ್ತಾರೆ. ಬಡವರ ಕನ್ವರ್ಟಿಬಲ್ ಮಾಡಲು ಹೊರಟವರು ಇರಲಿಲ್ಲವೆಂದಲ್ಲ. ಬೆಂಗಳೂರಿನ ಸ್ಯಾನ್ ಬಳಗದವರು 1998ರಲ್ಲಿ ಗೋವಾದಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಪುಟ್ಟ ಕಾರು ತಂದರು. ಫೈಬರ್ ಮೈ, ರೆನೋದ 1149 ಸಿಸಿ ಎಂಜಿನ್, ಎರಡು ಸೀಟು. ಎರಡು ಸೀಟಿನ ಕಾರನ್ನು ಕೊಳ್ಳಬಲ್ಲ ಮನೆಯಲ್ಲಿ ಕನಿಷ್ಠ ಆರು ಜನ ಹತ್ತಲು ಕಾದಿರುತ್ತಾರೆಂಬ ಲೆಕ್ಕ ಅವರಿಗೆ ತಪ್ಪಿರಬೇಕು. ಈಗ ಹುಡುಕಿದರೂ ಸಿಗುವುದು ಕಷ್ಟ.

ಇಷ್ಟೆಲ್ಲ ಹುಡುಕಾಟದ ನಡುವೆ ನಾನು ರಸ್ತೆಗೆ ಕಣ್ಣು ಬಿಟ್ಟೆ. ಅಲ್ಲಿ ಓಡುವುದರಲ್ಲಿ ಅರ್ಧಕ್ಕೆ ಸೂರೇ ಇಲ್ಲ. ಟ್ರ್ಯಾಕ್ಟರಿಗಿಲ್ಲ, ಕಬ್ಬಿನ ಟ್ರೈಲರಿಗಿಲ್ಲ, ಕಳೆ ಕೀಳುವ ಹೆಂಗಸರನ್ನು ಬೆಳಗ್ಗೆ ತುಂಬಿಕೊಂಡು ಹೋಗುವ ಲಗೇಜ್ ಆಟೋಗಿಲ್ಲ. ಇದೇ ಮೈಸೂರು-ನಂಜನಗೂಡು ರಸ್ತೆಯ ಪಕ್ಕ ಕಾರ್ಖಾನೆಯಿಟ್ಟಿರುವ ಟಿವಿಎಸ್‌ನವರ ಎಕ್ಸೆಲ್ ಅಂತೂ ನಿಜವಾದ ಕನ್ವರ್ಟಿಬಲ್. ಹಿಂದಿನ ಸೀಟು ಕಳಚಿಟ್ಟರೆ ಮೂಟೆ ಗಾಡಿ, ಹಾಕಿದರೆ ಹೆಂಡತಿ ಗಾಡಿ. ಮಡಚಲು ಮೋಟಾರು ಬೇಡ, ಜೀವಾವಧಿ ಚಿಂತೆ ಬೇಡ.

ವ್ಯತ್ಯಾಸ ಇರುವುದು ಫೋಟೋದ ಕೆಳಗಿನ ಬರಹದಲ್ಲಿ. ಲಗೇಜ್ ಆಟೋದಲ್ಲಿ ನಿಂತ ಇಪ್ಪತ್ತು ಹೆಂಗಸರ ಚಿತ್ರ ಪೇಪರಿನಲ್ಲಿ ಬಂದರೆ ಕೆಳಗೆ 'ಅಪಾಯಕಾರಿ ಪ್ರಯಾಣ' ಎಂದಿರುತ್ತದೆ. 2017ರ ಏಪ್ರಿಲ್‌ನಲ್ಲಿ ನಂಜನಗೂಡಿನ ಉಪಚುನಾವಣೆ ನಡೆದಾಗ ಅಂಥದೇ ಗಾಡಿಗಳ ಮೇಲೆ ಅಷ್ಟೇ ಒತ್ತಾಗಿ ಮುಖಂಡರು ನಿಂತಿದ್ದರು. ಅದು 'ತೆರೆದ ವಾಹನದಲ್ಲಿ ಮತಯಾಚನೆ'. ದಸರೆಯ ಪಂಜಿನ ಕವಾಯತಿನಲ್ಲಿ ತೆರೆದ ಜೀಪಿನ ಮೇಲೆ ನಿಂತರೆ ಗೌರವ ವಂದನೆಯೇ ಬರುತ್ತದೆ. ಸೂರಿಲ್ಲದ ಗಾಡಿಯಲ್ಲಿ ನಿಂತವನಿಗೆ ಸಲ್ಯೂಟೋ ದಂಡವೋ ಎಂಬುದು ಅವನ ಅಂಗಿಯ ಇಸ್ತ್ರಿಯ ಮೇಲೆ ಹೋಗುತ್ತದೆ.

ದೇವರುಗಳು ಮಾತ್ರ ಈ ವಿಷಯದಲ್ಲಿ ಬುದ್ಧಿವಂತರು. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರು ಎಳೆಯುತ್ತಾರೆ, ನಂಜುಂಡೇಶ್ವರ ಒಂದರಲ್ಲೂ ಬಿಸಿಲಿಗೆ ತಲೆಯೊಡ್ಡಿ ಕೂತವನಲ್ಲ. ಚಾಮುಂಡಿಯ 750 ಕೆಜಿ ಅಂಬಾರಿಗೂ ಮೇಲೆ ಮಂಟಪವಿದೆ. ವಿಷ ಕುಡಿದು ಅರಗಿಸಿಕೊಂಡ ಸ್ವಾಮಿಯೇ ಮಾರ್ಚಿಯ ನಂಜನಗೂಡಿನ ಬಿಸಿಲನ್ನು ನಂಬಲಿಲ್ಲ.

ನಮ್ಮ ಹುಡುಗ ನಂಬಿದ. ಕ್ಯಾನ್ವಾಸ್ ಹೊದಿಕೆಯ ಥಾರ್ ಕೇಳಿ ಬಂದ, ಬೆಲೆ ಬಜೆಟ್ಟಿನ ಎರಡು ಪಟ್ಟಾಗಿ ಕೈಬಿಟ್ಟ. ಕೊನೆಗೆ ಮನೆಗೆ ಬಂದದ್ದು ಹಳೆಯದೊಂದು ಮಾರುತಿ ಜಿಪ್ಸಿ. 1985ರಲ್ಲಿ ಮೊದಲು ಬಂದ ಜಾತಿ. ಸೈನ್ಯ, ಪೊಲೀಸು, ಅರಣ್ಯ ಇಲಾಖೆ ಎಲ್ಲ ಹತ್ತಿ ಇಳಿದ ಮೇಲೆ ನಮ್ಮಂಥವರ ಕೈಗೆ ಬರುವಂಥದ್ದು. ಲಕ್ಷುರಿ ಎಲ್ಲಿದೆಯೋ ಎಂದು ಕೇಳಿದೆ. ಸೀಟಿಗೆ ಹೊಸ ರೆಕ್ಸಿನ್ ಹಾಕಿಸಿದ್ದನ್ನು ತೋರಿಸಿದ.

ಮೊದಲ ಕ್ರೂಸಿಂಗು ತಿ. ನರಸೀಪುರದ ಸಂಗಮಕ್ಕೆ. ಅವ್ವನೇ ಮುಂದಿನ ಸೀಟಿನಲ್ಲಿ, ಕೈಯಲ್ಲಿ ಬಿಡಿಸಿದ ಕೊಡೆ. ಕೊಡೆ ಮಡಚಜ್ಜಿ ಎಂದು ಅವನು, ನೀನೇ ಏನಾದ್ರೂ ಹೊದ್ಸ್ಲಾ ಎಂದು ಅವಳು. ಗಾಳಿಗೆ ಕೊಡೆಯೇ ಬೋಕುಬಾರಲಾಗಿ ವಾದ ಮುಗಿಸಿತು. ಹುರುಳಿ ಒಕ್ಕಣೆಯ ಕಾಲ. ರಸ್ತೆಯಲ್ಲಿ ಒಕ್ಕಬೇಡಿ ಎಂದು ಅಧಿಕಾರಿಗಳು ಎಚ್ಚರಿಸುತ್ತಾರೆ, ರೈತರು ಅದನ್ನು ಓದಿ ರಸ್ತೆಯಲ್ಲೇ ಹರಡುತ್ತಾರೆ. ಒಣಸೊಪ್ಪು ತಳಕ್ಕೆ ಸುತ್ತಿಕೊಂಡು ಬೆಂಕಿ ಹತ್ತಿದ ಕಾರುಗಳ ಸುದ್ದಿ ನೆನಪಿದ್ದುದರಿಂದ ನಾನು ಇಳಿದು ಇಳಿದು ಬಗ್ಗಿ ನೋಡುತ್ತಿದ್ದೆ. ಮುಂದೆ ಹೋದ ಬಸ್ಸು ಎಬ್ಬಿಸಿದ ಹೊಟ್ಟೆಲ್ಲ ನಮ್ಮ ನೆತ್ತಿಗೆ. ತಲೆಗೂದಲು, ಕಿವಿ, ಬನಿಯನ್ನು, ಎಲ್ಲೆಲ್ಲೂ ಹುರುಳಿ. ಸಂಗಮದ ಸ್ನಾನ ಆ ದಿನ ಪುಣ್ಯಕ್ಕಲ್ಲ, ತುರಿಕೆಗೆ.

ಒಂದು ಲಾಭ ಮಾತ್ರ ಒಪ್ಪಲೇಬೇಕು. ಹಂಪೊಂದರ ಹತ್ತಿರ ಕಬ್ಬಿನ ಟ್ರೈಲರ್ ಪಕ್ಕಕ್ಕೆ ನಿಂತಾಗ ಅವ್ವ ಕೂತಲ್ಲಿಂದಲೇ ಕೈಚಾಚಿ ಒಂದು ಜಲ್ಲೆ ಎಳೆದುಕೊಂಡಳು. ಝಡ್ 4ರಲ್ಲಿ ಕೂತಿದ್ದರೆ ಕೈಗೆ ಟೈರು ಸಿಗುತ್ತಿತ್ತು.

ಬರುವಾಗ ಅಕಾಲದ ಮಳೆ. ಹತ್ತು ಸೆಕೆಂಡಿನ ಕೆಲಸ ಇಪ್ಪತ್ತು ನಿಮಿಷ ಹಿಡಿಯಿತು. ಕ್ಯಾನ್ವಾಸನ್ನು ಒಂದು ಕಡೆ ಎಳೆದರೆ ಇನ್ನೊಂದು ಕಡೆ ಹರಿಯಿತು. ಮಾರನೆಯ ವಾರ ಅವ್ವನ ಪಹಣಿ ಹಿಡಿದು ರೈತ ಸಂಪರ್ಕ ಕೇಂದ್ರದಿಂದ ಸಬ್ಸಿಡಿ ಟಾರ್ಪಾಲು ತಂದು ಕಟ್ಟಿದ್ದಾನೆ. ರಾಗಿ ಮುಚ್ಚಲೆಂದು ಸರ್ಕಾರ ಕೊಟ್ಟದ್ದು; ಹೀಗೆ ನಮ್ಮ ಕಾರಿನ ಸೂರು ಕೃಷಿ ಇಲಾಖೆಯ ಸಹಾಯಧನದಲ್ಲಿದೆ.

ಅಷ್ಟಾದರೂ ರಾತ್ರಿ ಇಬ್ಬನಿಗೆ ಹೊಸ ರೆಕ್ಸಿನ್ ಹಾಳಾಗುತ್ತದೆಂದು ಅವನಿಗೆ ನಿದ್ದೆಯಿಲ್ಲ. ಸೂರಿಲ್ಲದ ಕಾರಿಗೆ ಸೂರು ಬೇಕಾಯಿತು. ಶೆಡ್ಡಿನವನು 60 ಸಾವಿರ ಕೇಳಿದ. ಬಜೆಟ್ ಮುಗಿದಿತ್ತು. ಈಗ ಕಾರು ಕೊಟ್ಟಿಗೆಯಲ್ಲಿದೆ. ಹಸುವನ್ನು ಹೊರಗೆ ಹುಣಸೆಮರಕ್ಕೆ ಕಟ್ಟಿದ್ದಾರೆ.

ಮೊನ್ನೆ ಜಿನುಗು ಮಳೆಯಲ್ಲಿ ಹಾಲು ಕರೆಯಲು ಕೂತ ಅವ್ವ ಸೆರಗನ್ನು ತಲೆಗೆ ಎಳೆದುಕೊಳ್ಳುತ್ತ ನನ್ನನ್ನು ಕೂಗಿದಳು. "ನೋಡ್ಲಾ, ಅದೇನೋ ಕನ್ವಟ್ಟಿ ಅಂತಾನಲ್ಲ, ಈ ಹಸೂನೂ ಅದೇ ಮಾಡ್ಬುಟ್ಟ."